ಗುಂಡಿಗೂ ಅರ್ಥ ಹೇಳಿಸುವುದು: ನಮ್ಮ ವಿಡಂಬನೆಯ ಪಾಡ್‌ಕಾಸ್ಟ್ ಮೂರನೆಯ ಸಂಚಿಕೆಗೆ ಬಂದ ಬಗೆ

ಘಾಟ್ಕೋಪರ್, 2025ರ ಆಗಸ್ಟ್ ಕೊನೆಯ ವಾರ

ಮುಂಬಯಿಯ ಪ್ರಚಲಿತ ವಿದ್ಯಮಾನಗಳ ಬಗ್ಗೆ ನಾವು ಮೂವರು ಸೇರಿ ಕನ್ನಡದಲ್ಲಿ ಮಾಡುತ್ತಿರುವ ವಿಡಂಬನೆಯ ಪಾಡ್‌ಕಾಸ್ಟಿನ ಮೂರನೆಯ ಸಂಚಿಕೆಯ ಧ್ವನಿಮುದ್ರಣ ಕಳೆದ ಭಾನುವಾರ ಮುಗಿಯಿತು. ಸಂಕಲನ ಇನ್ನೂ ಅರ್ಧದಲ್ಲಿದೆ. ಮೇ ತಿಂಗಳಿಂದ ಈಚೆಗೆ ಯಾವುದು ಕೈಹಿಡಿಯಿತು, ಯಾವುದನ್ನು ಕೈಬಿಟ್ಟೆವು ಎಂಬುದನ್ನು ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ. ಮೂವರೆಂದರೆ ನಾನು, ಮೂವತ್ತು ವರ್ಷ ಹೋಟೆಲಿನ ಗಲ್ಲಾದಲ್ಲಿ ಕುಳಿತು ಈಗ ಮನೆಯಲ್ಲಿರುವ ನನ್ನ ಚಿಕ್ಕಪ್ಪ, ಮತ್ತು ಯಕ್ಷಗಾನದ ಪದ್ಯ ಹಾಡುವ ಭಾಗವತಿಕೆಯನ್ನು ಕಲಿಯುತ್ತಿರುವ ನನ್ನ ಅತ್ತಿಗೆ.

ಮೊದಲಿಗೆ ಟಿವಿ ವಾರ್ತೆಯ ಮಾದರಿಯಲ್ಲಿ ಎರಡು ಪ್ರಯೋಗಗಳನ್ನು ಮಾಡಿ, ಕೇಳಿ ನೋಡಿ, ಎರಡನ್ನೂ ಹೊರಗೆ ಬಿಡದೆ ಇಟ್ಟುಕೊಂಡೆವು. ಸುದ್ದಿಯನ್ನು ಒಬ್ಬರು ಓದುವುದು, ಇನ್ನೊಬ್ಬರು ಅದಕ್ಕೊಂದು ಚಟಾಕಿ ಹಾರಿಸುವುದು ಎಂಬ ಆ ಕ್ರಮದಲ್ಲಿ ಐದು ನಿಮಿಷ ಕಳೆಯುವಷ್ಟರಲ್ಲಿ ಚಟಾಕಿ ಎಲ್ಲಿ ಬರುತ್ತದೆಂದು ಕೇಳುವವರಿಗೆ ಮೊದಲೇ ತಿಳಿದುಬಿಡುತ್ತಿತ್ತು. ಆಮೇಲೆ ಏನನ್ನೂ ಮಾತನಾಡದೆ ಎಲ್ಲವನ್ನೂ ನೋಡುತ್ತಿರುವ ಒಂದು ಪಾತ್ರವನ್ನು ತರಬೇಕೆಂದು ನನಗೆ ಆಸೆಯಾಗಿತ್ತು. ಮೈಸೂರಿನಿಂದ ಬಂದು ಈ ಊರಿನಲ್ಲಿ ನೆಲೆಸಿದ ಆರ್. ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯ ಹಾಗೆಯೇ ಅಲ್ಲವೇ? ಆದರೆ ಚಿತ್ರದಲ್ಲಿ ಮೌನ ಕಾಣಿಸುತ್ತದೆ, ಪಾಡ್‌ಕಾಸ್ಟಿನಲ್ಲಿ ಮೌನವೆಂದರೆ ಫೋನು ಕೆಟ್ಟಿತೋ ಎಂದು ಜನ ನೋಡುತ್ತಾರೆ.

ದಾರಿ ತೋರಿಸಿದವರು ಚಿಕ್ಕಪ್ಪ. "ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಮಾತಾಡಿ ಇಡೀ ರಾತ್ರಿ ಜನರನ್ನು ಕೂರಿಸುವ ತಾಳಮದ್ದಳೆ ನಮ್ಮಲ್ಲೇ ಇರುವಾಗ ನೀನು ಟಿವಿಯವರನ್ನು ಯಾಕೆ ನೋಡ್ತೀಯ ಮಾರಾಯ?" ಎಂದರು. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿ ಆ ಪದ್ಯವನ್ನು ಹಿಡಿದು ತನ್ನ ಪಾತ್ರದ ಪರವಾಗಿ ವಾದ ಕಟ್ಟುತ್ತಾನೆ (ಈ ಮಾತಿಗೇ ಅರ್ಥ ಎನ್ನುವುದು), ಎದುರಿನ ಅರ್ಥಧಾರಿ ಅದನ್ನು ಮಾತಿನಿಂದಲೇ ಕೆಡಹಬೇಕು. ಕಿವಿಗಾಗಿಯೇ ಹುಟ್ಟಿದ ಈ ಕಲೆ ಕರಾವಳಿಯವರೊಂದಿಗೆ ಮುಂಬಯಿಗೂ ಬಂದು, ಸಂಘಗಳ ಸಭಾಂಗಣಗಳಲ್ಲಿ ಇಂದಿಗೂ ನಡೆಯುತ್ತಿದೆ. ಅಂದಿನಿಂದ ನಾವು ಸುದ್ದಿಯನ್ನು, ತಾಳಮದ್ದಳೆಯ ಕಥೆಯನ್ನು ಕರೆಯುವ ಹಾಗೆ, ಪ್ರಸಂಗವೆಂದೇ ಕರೆಯುತ್ತಿದ್ದೇವೆ.

ಮೊದಲ ಸಂಚಿಕೆಗೆ ಆರಿಸಿಕೊಂಡದ್ದು ಅಂಧೇರಿಯ ಗೋಖಲೆ ಸೇತುವೆ. 2022ರ ನವೆಂಬರಿನಲ್ಲಿ ಹಳೆಯ ಸೇತುವೆಯನ್ನು ಮುಚ್ಚಿದರು. 2024ರ ಫೆಬ್ರವರಿಯಲ್ಲಿ ಹೊಸ ಸೇತುವೆಯ ಒಂದು ಭಾಗ ತೆರೆದಾಗ, ಅದು ಪಕ್ಕದ ಬರ್ಫಿವಾಲಾ ಮೇಲ್ಸೇತುವೆಗೆ ಕೂಡಿಕೊಳ್ಳದೆ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿ ನಿಂತಿತ್ತು. ಕೊನೆಗೆ ಮೇಲ್ಸೇತುವೆಯನ್ನೇ ಜಾಕ್ ಕೊಟ್ಟು ಎತ್ತಿ, ಜುಲೈಯಲ್ಲಿ ಎರಡನ್ನೂ ಜೋಡಿಸಿದರು. ಈ ವರ್ಷದ ಮೇ ತಿಂಗಳಲ್ಲಿ ಎರಡನೆಯ ಭಾಗವೂ ತೆರೆದದ್ದರಿಂದ ಕಥೆ ಮತ್ತೆ ಎಲ್ಲರ ಬಾಯಲ್ಲಿತ್ತು. ಎರಡು ಸೇತುವೆಗಳನ್ನು ಅಣ್ಣ ತಮ್ಮಂದಿರನ್ನಾಗಿ ಮಾಡಿ, ತಗ್ಗಬೇಕಾದವರು ಯಾರು ಎಂಬ ಪಾಲುಪಟ್ಟಿಯ ಜಗಳವನ್ನು ಅವರ ನಡುವೆ ಹಚ್ಚಿದೆವು.

ನನ್ನ ಕರಡಿನಲ್ಲಿ ಅಂತರವನ್ನು "ಎರಡಾಳು ಎತ್ತರ" ಎಂದು ಬರೆದಿದ್ದೆ. ಚಿಕ್ಕಪ್ಪ ಆ ಸಾಲಿನ ಮೇಲೆ ಬೆರಳಿಟ್ಟು, "ನಗಿಸಲಿಕ್ಕೆ ಅಂತ ಅಳತೆ ಬದಲಾಯಿಸಬೇಡ, ಇದ್ದ ಅಂತರವೇ ಸಾಕು" ಎಂದರು. ಅವರು ಹೇಳಿದ್ದು ಸರಿ. ಅಳತೆಯನ್ನು ಹಿಗ್ಗಿಸಿದರೆ ಕೇಳುವವರು ಅದು ಉತ್ಪ್ರೇಕ್ಷೆಯೆಂದು ನಕ್ಕು ಬಿಟ್ಟುಬಿಡುತ್ತಾರೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಮಾತ್ರ ಆ ನಗು ಸೇತುವೆಯ ಬುಡಕ್ಕೆ ಹೋಗಿ ನಿಲ್ಲುತ್ತದೆ. ಹೊಸ ಸೇತುವೆ ಎತ್ತರವಾದದ್ದಕ್ಕೆ ಕಾರಣವೂ ಇದೆ: ಕೆಳಗಿನ ರೈಲು ಹಳಿಗಳ ಮೇಲೆ ಬಿಡಬೇಕಾದ ಅಂತರ ಹಿಂದಿಗಿಂತ ಹೆಚ್ಚಿತ್ತು. ಈ ಕಾರಣವನ್ನು ಹೊಸ ಸೇತುವೆಯ ಬಾಯಲ್ಲಿ ಪೂರ್ತಿಯಾಗಿ, ಗೌರವದಿಂದ ಹೇಳಿಸಿದೆವು. ಎದುರಾಳಿಯ ವಾದವನ್ನು ಕುಂಟಿಸಿ ಗೆಲ್ಲುವ ಅರ್ಥಧಾರಿಯನ್ನು ತಾಳಮದ್ದಳೆಯ ಶ್ರೋತೃಗಳು ಒಪ್ಪುವುದಿಲ್ಲ, ವಿಡಂಬನೆಯನ್ನು ಕೇಳುವವರೂ ಒಪ್ಪಬಾರದು ಎಂಬುದು ನನ್ನ ದೃಢ ನಂಬಿಕೆ. ವಾದ ಬಲವಾಗಿದ್ದಷ್ಟೂ, "ಹಾಗಾದರೆ ನಕ್ಷೆ ಬರೆಯುವಾಗ ನಾನು ಪಕ್ಕದಲ್ಲೇ ಇದ್ದೆನಲ್ಲ, ಅಣ್ಣನನ್ನು ಒಂದು ಮಾತು ಕೇಳಬಾರದಿತ್ತೇ?" ಎಂಬ ಮೇಲ್ಸೇತುವೆಯ ಪ್ರಶ್ನೆ ಹರಿತವಾಯಿತು. 2018ರ ಜುಲೈಯಲ್ಲಿ ಇದೇ ಸೇತುವೆಯ ಕಾಲುದಾರಿ ಕುಸಿದು ಜನ ಪ್ರಾಣ ಕಳೆದುಕೊಂಡದ್ದನ್ನು ಪದ್ಯಕ್ಕೂ ಅರ್ಥಕ್ಕೂ ಸೇರಿಸದೆ, ಆರಂಭದಲ್ಲಿ ಅತ್ತಿಗೆ ಎರಡೇ ವಾಕ್ಯಗಳಲ್ಲಿ ಹೇಳಿ ನೆನೆದರು.

ಎರಡನೆಯ ಸಂಚಿಕೆ ಮೇ 26ರ ಮಳೆಗೆ ನೀರು ತುಂಬಿದ ಆಚಾರ್ಯ ಅತ್ರೆ ಚೌಕದ ಮೆಟ್ರೋ ನಿಲ್ದಾಣದ ಬಗ್ಗೆ. ನಿಲ್ದಾಣ ತೆರೆದು ಆಗ ಮೂರು ವಾರವೂ ಆಗಿರಲಿಲ್ಲ. ಆತುರದಲ್ಲಿ ಬರೆದದ್ದರಿಂದ ಅದು ಸಾಧಾರಣವಾಗಿ ಬಂತು, ಹೆಚ್ಚು ಹೇಳುವಂಥದ್ದಿಲ್ಲ.

ಈಗಿನ ಮೂರನೆಯದು ರಸ್ತೆಗುಂಡಿಯ ಪ್ರಸಂಗ. ಮಹಾನಗರಪಾಲಿಕೆಯ 227 ನಗರಸೇವಕರ ಅವಧಿ 2022ರ ಮಾರ್ಚ್‌ನಲ್ಲಿ ಮುಗಿದ ಮೇಲೆ 2025ರ ಈ ಆಗಸ್ಟ್ ತನಕ ಚುನಾವಣೆಯೇ ನಡೆದಿರಲಿಲ್ಲ, ಆಡಳಿತಾಧಿಕಾರಿಯ ಕೈಯಲ್ಲಿ ಊರು ನಡೆಯುತ್ತಿತ್ತು. ತನ್ನನ್ನು ಮುಚ್ಚಿಸಬೇಕಾದ ನಗರಸೇವಕನನ್ನು ಹುಡುಕಿಕೊಂಡು ಒಂದು ಗುಂಡಿ ಊರೆಲ್ಲ ಅಲೆಯುತ್ತದೆ. ಪೀಠಿಕೆಗೆ ಅತ್ತಿಗೆ ಭಾಮಿನಿ ಷಟ್ಪದಿಯಲ್ಲಿ ಹೀಗೆ ಎತ್ತಿಕೊಂಡರು:

ಗುಂಡಿ ಕೇಳಿತು ದಾರಿಹೋಕರ
ಕಂಡಿರೇ ನೀವೆನ್ನ ಒಡೆಯರ

ಮೂರು ನಾಲ್ಕು, ಮೂರು ನಾಲ್ಕು ಮಾತ್ರೆಗಳ ಈ ನಡೆ ಕೂತ ಮೇಲೆ ಉಳಿದ ಬರವಣಿಗೆಯೂ ತಾನಾಗಿ ಹರಿಯಿತು. ಚುನಾವಣೆ ತಡವಾದದ್ದಕ್ಕೆ ಮೀಸಲಾತಿ ಮತ್ತು ವಾರ್ಡು ವಿಂಗಡಣೆಯ ವ್ಯಾಜ್ಯಗಳು ಕಾರಣವೆಂದು ಆಡಳಿತಾಧಿಕಾರಿಯ ಪಾತ್ರ ವಾದಿಸುತ್ತದೆ. ನಾಲ್ಕು ತಿಂಗಳೊಳಗೆ ಚುನಾವಣೆ ನಡೆಸಬೇಕೆಂದು ಸುಪ್ರೀಂ ಕೋರ್ಟ್ ಮೇ 6ರಂದು ಹೇಳಿದ್ದನ್ನು ಗುಂಡಿ ನೆನಪಿಸುತ್ತದೆ. ಪಾಲಿಕೆಯ 2025-26ರ ಬಜೆಟ್ಟು 74,427 ಕೋಟಿ ರೂಪಾಯಿ ಎಂದು ಕೇಳಿದಾಗ ಗುಂಡಿ ಕೆಲಹೊತ್ತು ಸುಮ್ಮನಿದ್ದು, "ನನಗೆ ಒಂದು ಬಾಂಡಲಿ ಡಾಂಬರು ಸಾಕಿತ್ತು" ಎನ್ನುತ್ತದೆ. ಚಿಕ್ಕಪ್ಪ ಈ ಮಾತನ್ನು ಗಲ್ಲಾದಲ್ಲಿ ಚಿಲ್ಲರೆ ಎಣಿಸುವಾಗಿನ ಅದೇ ತಗ್ಗಿದ ಧ್ವನಿಯಲ್ಲಿ ಹೇಳಿದರು. ಇಡೀ ಸಂಚಿಕೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಕ್ಷಣ ಅದು.

ಇದೇ ಸಂಚಿಕೆಯಲ್ಲಿ ನಾನೊಂದು ದೊಡ್ಡ ತಪ್ಪನ್ನೂ ಮಾಡಿದ್ದೆ. ಗುಂಡಿ ಮುಚ್ಚಲು ಬರುವ ಕೂಲಿಯವನಿಗೆ ಹಳ್ಳಿಗಾಡಿನ ಮರಾಠಿಯ ಎಳೆತವನ್ನು ಕೊಟ್ಟು, ಆ ಉಚ್ಚಾರಣೆಯಿಂದಲೇ ನಗಿಸಲು ಹೋಗಿದ್ದೆ. ಎದುರುಮನೆಯ ಮರಾಠಿ ಕಾಕು ಚಹಾ ತಂದುಕೊಟ್ಟವರು ಸ್ವಲ್ಪ ಹೊತ್ತು ನಿಂತು ಕೇಳಿದರು. ಅವರಿಗೆ ಕನ್ನಡ ಬಾರದು, ಎಳೆತ ಮಾತ್ರ ತಿಳಿಯಿತು. "ಇವನು ನಮ್ಮ ಕಡೆಯವನಲ್ಲವೇ, ಅವನೇನು ಮಾಡಿದ?" ಎಂದು ಮರಾಠಿಯಲ್ಲಿ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಬಿಸಿಲಿನಲ್ಲಿ ಡಾಂಬರು ಹಾಕುವವನ ನಾಲಿಗೆಯನ್ನು ಅಣಕಿಸುವುದು ವಿಡಂಬನೆಯಲ್ಲ. ಆ ನಾಲ್ಕು ನಿಮಿಷಗಳನ್ನು ಅಳಿಸಿ, ಕೂಲಿಯವನಿಗೆ ಮಿಕ್ಕೆಲ್ಲರಿಗಿಂತ ಶುದ್ಧವಾದ ಅರ್ಥವನ್ನು ಬರೆದುಕೊಟ್ಟೆ. ಯಾವ ಗುಂಡಿಯನ್ನು ಎಷ್ಟು ಸಲ ಮುಚ್ಚಿದ್ದೇನೆಂದು ಲೆಕ್ಕ ಒಪ್ಪಿಸುವವನು ಈಗ ಅವನೊಬ್ಬನೇ.

ಧ್ವನಿಯ ವಿಷಯದಲ್ಲಿ ನಮ್ಮ ಮುಖ್ಯ ತೊಂದರೆ ವಿಮಾನಗಳದ್ದು. ಮಳೆಗಾಲದ ಪಡುವಣ ಗಾಳಿಗೆ ಎದುರಾಗಿ ಇಳಿಯುವ ವಿಮಾನಗಳು ನಮ್ಮ ತಲೆಯ ಮೇಲೆಯೇ ಹಾದುಹೋಗುತ್ತವೆ. ಕಪಾಟಿನ ಬಾಗಿಲು ತೆರೆದಿಟ್ಟು, ಸುತ್ತ ರಜಾಯಿ ಇಳಿಬಿಟ್ಟು, ಡೈನಮಿಕ್ ಮೈಕನ್ನು ಬಾಯಿಂದ ನಾಲ್ಕು ಬೆರಳು ದೂರದಲ್ಲಿಟ್ಟುಕೊಂಡರೆ ಬೀದಿಯ ಸದ್ದು ತಗ್ಗುತ್ತದೆ. 80 ಹರ್ಟ್ಜ್‌ಗಿಂತ ಕೆಳಗಿನದನ್ನು ಆಡಾಸಿಟಿ ಎಂಬ ಧ್ವನಿ ಸಂಕಲನದ ತಂತ್ರಾಂಶದಲ್ಲಿ ಕತ್ತರಿಸಿದರೆ ಗುಡುಗುವ ಭಾಗವೂ ಹೋಗುತ್ತದೆ, ಆದರೆ ಇಂಜಿನ್ನಿನ ಶಿಳ್ಳೆ ಉಳಿಯುತ್ತದೆ. ಆದ್ದರಿಂದ ವಿಮಾನ ಬಂದಾಗ ಅತ್ತಿಗೆ ಕೈ ಎತ್ತುತ್ತಾರೆ, ಚಿಕ್ಕಪ್ಪ ವಾಕ್ಯದ ನಡುವೆಯೇ ನಿಲ್ಲುತ್ತಾರೆ, ಅದು ಹೋದ ಮೇಲೆ ವಾಕ್ಯದ ಮೊದಲಿನಿಂದ ಹೇಳುತ್ತಾರೆ. ಜೋಡಿಸಿದ ಜಾಗ ಕಿವಿಗೆ ತಾಗುವಂತಿದ್ದರೆ ಅಲ್ಲಿ ಮದ್ದಲೆಯ ಒಂದು ಮುಕ್ತಾಯವನ್ನು ಇಡುತ್ತೇನೆ.

ಒಟ್ಟು ಧ್ವನಿಮಟ್ಟವನ್ನು, ಕಿವಿಗೆ ಕೇಳಿಸುವ ಜೋರನ್ನು ಅಳೆಯುವ ಮಾನದಲ್ಲಿ, ಮೈನಸ್ 16 ಎಲ್‌ಯುಎಫ್‌ಎಸ್‌ಗೆ ತಂದು, 64 ಕೆಬಿಪಿಎಸ್ ಮೋನೋ ಎಂಪಿ3 ಮಾಡಿದರೆ 22 ನಿಮಿಷದ ಸಂಚಿಕೆ ಹತ್ತೂವರೆ ಎಂಬಿ ಆಗುತ್ತದೆ, ಲೋಕಲ್ ರೈಲಿನಲ್ಲಿ ನೆಟ್‌ವರ್ಕ್ ಕೈಕೊಡುವ ಮೊದಲೇ ಇಳಿದುಬಿಡುತ್ತದೆ. ಇನ್ನು ಚೆಂಡೆಯನ್ನು ಫ್ಲ್ಯಾಟಿನಲ್ಲಿ ಬಾರಿಸುವಂತಿಲ್ಲ. ಬರುವ ಭಾನುವಾರ ಮಧ್ಯಾಹ್ನ ಅತ್ತಿಗೆ ಯಕ್ಷಗಾನ ಕಲಿಯುವ ಸಭಾಂಗಣದಲ್ಲಿ ಎರಡು ಗಂಟೆಯ ಹೊತ್ತು ಸಿಕ್ಕಿದೆ. ಮೈಕನ್ನು ಚೆಂಡೆಯಿಂದ ಹತ್ತು ಹೆಜ್ಜೆ ದೂರವಿಟ್ಟು ಮುದ್ರಿಸಿಕೊಂಡು, ಆ ರಾತ್ರಿಯೇ ಗುಂಡಿಯ ಪ್ರಸಂಗಕ್ಕೆ ಜೋಡಿಸಬೇಕು.