ಪೊಟ್ಟಣದ ಹಿಂಬದಿ ಓದುವುದು: ಇದು ಎಲ್ಲಿ ಆದದ್ದು?

'ಬಾರ್‌ಕೋಡ್ 890ರಿಂದ ಶುರುವಾದರೆ ನಮ್ಮ ದೇಶದ್ದು, 690 ಆದರೆ ಚೀನಾದ್ದು' ಎಂಬ ವಾಟ್ಸ್ಯಾಪ್ ಸಂದೇಶ ದಸರೆ, ದೀಪಾವಳಿ ಬಂತೆಂದರೆ ಊರೆಲ್ಲ ಸುತ್ತುತ್ತದೆ. ಅದು ತಪ್ಪು. 890 ಎಂದರೆ ಆ ಕಂಪನಿ ತನ್ನ ಬಾರ್‌ಕೋಡ್ ಸಂಖ್ಯೆಯನ್ನು ಅದನ್ನು ಹಂಚುವ ಸಂಸ್ಥೆ ಜಿಎಸ್1 ಇಂಡಿಯಾದಿಂದ ಪಡೆದಿದೆ, ಅಷ್ಟೇ. ಇಲ್ಲಿನ ಕಂಪನಿ ಚೀನಾದಲ್ಲಿ ಮಾಡಿಸಿ ತಂದ ಟಾರ್ಚಿನ ಮೇಲೂ 890 ಇರಬಹುದು. ಹೊರದೇಶದ ಕಂಪನಿ ಇಲ್ಲೇ ತಯಾರಿಸಿದ ಮಾಲಿನ ಮೇಲೆ ಬೇರೆ ಸಂಖ್ಯೆಯೂ ಇರಬಹುದು.

ನೋಡಬೇಕಾದದ್ದು ವಿಳಾಸವನ್ನು, ಅದಕ್ಕಿಂತ ಮೊದಲು ವಿಳಾಸದ ಹಿಂದಿರುವ ಪದವನ್ನು. 'ಮ್ಯಾನುಫ್ಯಾಕ್ಚರ್ಡ್ ಬೈ' ಎಂದಿದ್ದರೆ ತಯಾರಕರು. 'ಮಾರ್ಕೆಟೆಡ್ ಬೈ' ಎಂದರೆ ಮಾರುವವರು ಮಾತ್ರ, ಮಾಡಿದವರು ಬೇರೆ. 'ಪ್ಯಾಕ್ಡ್ ಬೈ' ಎಂದರೆ ಚೀಲಕ್ಕೆ ತುಂಬಿದವರು. 'ಇಂಪೋರ್ಟೆಡ್ ಬೈ' ಎಂದರೆ ಹೊರಗಿಂದ ತಂದವರು. ಜಾಗ ಸಾಲದೆ ಇವನ್ನು ಎಂಎಫ್‌ಡಿ, ಎಂಕೆಟಿಡಿ, ಪಿಕೆಡಿ ಎಂದು ಮೊಟಕು ಮಾಡಿರುತ್ತಾರೆ. 2011ರ ಪೊಟ್ಟಣ ಸರಕು ನಿಯಮಗಳಂತೆ ಆಮದಾದ ವಸ್ತುವಿನ ಮೇಲೆ ಮೂಲ ದೇಶದ ಹೆಸರು ಇರಲೇಬೇಕು. ಇಲ್ಲೇ ಆದ ವಸ್ತುವಿಗೆ ತಯಾರಕರ ಹೆಸರು, ವಿಳಾಸ ಇದ್ದರೆ ಸಾಕು. ಹಾಗಾಗಿ 'ಮೇಡ್ ಇನ್ ಇಂಡಿಯಾ' ಎಂದು ಬರೆದಿಲ್ಲವಲ್ಲ ಎಂದು ಅನುಮಾನ ಪಡಬೇಕಿಲ್ಲ. ಆದರೆ 'ಮಾರ್ಕೆಟೆಡ್ ಬೈ' ಒಂದೇ ಇದ್ದು ತಯಾರಕರ ಸುದ್ದಿಯೇ ಇಲ್ಲದಿದ್ದರೆ ಅನುಮಾನ ಪಡಲೇಬೇಕು. ಆಮದು ವಿವರ ಹೆಚ್ಚಾಗಿ ಅಂಟಿಸಿದ ಸ್ಟಿಕ್ಕರ್ ಮೇಲಿರುತ್ತದೆ, ಅದೇನೂ ಮೋಸವಲ್ಲ. 'ಪಿಆರ್‌ಸಿ' ಎಂದು ಕಂಡರೆ ಅದು ಚೀನಾ.

ಹಲವು ಕಾರ್ಖಾನೆಗಳಿರುವ ಕಂಪನಿಗಳು ನಾಲ್ಕೈದು ವಿಳಾಸ ಹಾಕಿ, ಪ್ರತಿಯೊಂದರ ಪಕ್ಕ ಒಂದು ಅಕ್ಷರ ಕೊಟ್ಟಿರುತ್ತವೆ. ಬ್ಯಾಚ್ ನಂಬರಿನಲ್ಲಿ, ಸಾಮಾನ್ಯವಾಗಿ ಅದರ ಶುರುವಿನಲ್ಲೇ, ಬರುವ ಅಕ್ಷರಕ್ಕೆ ಅದನ್ನು ಹೊಂದಿಸಿದರೆ ನಿಮ್ಮ ಕೈಲಿರುವ ಬಿಸ್ಕತ್ತೋ ಸೋಪೋ ಯಾವ ಊರಿನದೆಂದು ಗೊತ್ತಾಗುತ್ತದೆ. ಒಡೆತನದ ದೇಶ ಬೇರೆ, ತಯಾರಿಕೆಯ ದೇಶ ಬೇರೆ ಎಂಬುದೂ ಇಲ್ಲೇ ಕಾಣುತ್ತದೆ: ನೆಸ್ಲೆ ಸ್ವಿಟ್ಜರ್ಲೆಂಡಿನ ಕಂಪನಿ, ಆದರೆ ಅದರ ಒಂದು ಕಾರ್ಖಾನೆ ನಮ್ಮ ನಂಜನಗೂಡಿನಲ್ಲಿದೆ. ಲಾಭ ಎಲ್ಲಿಗೆ ಹೋಗುತ್ತದೆ ಎನ್ನುವುದು ನಿಮ್ಮ ಪ್ರಶ್ನೆಯೋ, ಕೂಲಿ ಯಾರಿಗೆ ಸಿಗುತ್ತದೆ ಎನ್ನುವುದೋ? ಮೊದಲು ಅದನ್ನು ತೀರ್ಮಾನಿಸಿಕೊಳ್ಳಿ. ಎರಡಕ್ಕೂ ಒಂದೇ ಲೇಬಲ್ ಉತ್ತರ ಕೊಡುವುದಿಲ್ಲ.

ಮೈಸೂರಿನ ಊದುಬತ್ತಿಯನ್ನೇ ತೆಗೆದುಕೊಳ್ಳಿ. ಇಂಥ ಊರಿನದೇ ಎಂದು ಗುರುತಿಸುವ ಜಿಐ (ಭೌಗೋಳಿಕ ಸೂಚಕ) ಪಟ್ಟ ಸಿಕ್ಕ ಮಾಲು, ವಿಳಾಸವೂ ಮೈಸೂರಿನದೇ. ಆದರೆ ಬಿದಿರು ಕಡ್ಡಿಗೆ ಇದ್ದಿಲ ಪುಡಿ ಮತ್ತು ಅಂಟಿನ ಜಿಗಟ್ ಪುಡಿ ಹಚ್ಚಿದರೆ ಆಗುವುದು ವಾಸನೆಯಿಲ್ಲದ ಕಪ್ಪು ಬತ್ತಿ. ಅದನ್ನು ಸುಗಂಧದಲ್ಲಿ ಅದ್ದಿ, ಒಣಗಿಸಿ, ಪೊಟ್ಟಣ ಕಟ್ಟುವುದು ಆಮೇಲಿನ ಕೆಲಸ. ವರ್ಷಗಟ್ಟಲೆ ಕಡ್ಡಿ ಚೀನಾ, ವಿಯೆಟ್ನಾಮಿನಿಂದಲೂ ಕಪ್ಪು ಬತ್ತಿ ವಿಯೆಟ್ನಾಮಿನಿಂದಲೂ ರಾಶಿ ರಾಶಿ ಬಂತು. 2019ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಊದುಬತ್ತಿ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. 2020ರ ಜೂನ್‌ನಲ್ಲಿ ಬಿದಿರು ಕಡ್ಡಿಯ ಸುಂಕವನ್ನು ಶೇ 10ರಿಂದ ಶೇ 25ಕ್ಕೆ ಏರಿಸಿತು. ಹೊರಗಿನ ಕಡ್ಡಿಗೆ ಇಲ್ಲಿ ಮಸಾಲೆ ಹಚ್ಚಿದರೂ ಬತ್ತಿ ಆದದ್ದು ಮೈಸೂರಿನಲ್ಲೇ, ಲೇಬಲ್ ಸುಳ್ಳಲ್ಲ. ಗುಂಡಗೆ ಒಂದೇ ಅಳತೆಯ ಕಡ್ಡಿ ಹೊರಗಿನದು, ಚೌಕನೆಯ ಒರಟು ಕಡ್ಡಿ ಇಲ್ಲಿನದು ಎಂದು ಕೆಲವರು ಗುರುತು ಹೇಳುತ್ತಾರೆ. ಗುಂಡು ಕಡ್ಡಿ ಮಾಡುವ ಯಂತ್ರ ಇಲ್ಲೂ ಇರುವುದರಿಂದ ಅದನ್ನು ನೆಚ್ಚುವಂತಿಲ್ಲ. ತಯಾರಕರನ್ನೇ ಕೇಳಬೇಕು.

ರೇಷ್ಮೆಯಲ್ಲೂ ಇದೇ ಗೊಂದಲ. ಸೀರೆಗೆ ನೇತುಹಾಕಿದ ಸಿಲ್ಕ್ ಮಾರ್ಕ್ ಚೀಟಿ ಹೇಳುವುದು ಇದು ಶುದ್ಧ ರೇಷ್ಮೆ ಎಂದು ಮಾತ್ರ. ನೂಲು ಯಾವ ದೇಶದ್ದು, ನೇಯ್ದದ್ದು ಎಲ್ಲಿ ಎಂದಲ್ಲ. 'ಮೈಸೂರು ಸಿಲ್ಕ್ ಸ್ಟೈಲ್', 'ಮೈಸೂರು ಕ್ರೇಪ್' ಎಂದು ಬೋರ್ಡು ಹಾಕಿದ ಸೀರೆ ಎಲ್ಲಿಯದೂ ಆಗಿರಬಹುದು. 1912ರಲ್ಲಿ ಶುರುವಾದ ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ ಈಗ ರಾಜ್ಯ ಸರ್ಕಾರದ ರೇಷ್ಮೆ ಉದ್ಯಮ ನಿಗಮ ಕೆಎಸ್‌ಐಸಿಯದು. ಅದರ ಸೀರೆಯಲ್ಲಿ ಹೊಲೋಗ್ರಾಮ್ ಜೊತೆಗೆ, ಆ ಒಂದು ಸೀರೆಗೇ ಮೀಸಲಾದ ಸಂಖ್ಯೆಯನ್ನು ಕಸೂತಿ ಮಾಡಿರುತ್ತಾರೆ. ಸಂಖ್ಯೆ ಬಿಲ್ಲಿನ ಮೇಲೂ ಬಂದಿದೆಯೇ ನೋಡಿ, ಇಲ್ಲದಿದ್ದರೆ ಬರೆಸಿಕೊಳ್ಳಿ.

ಆಟಿಕೆಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಗುರುತಿನ ಮೇಲೆ ಐಎಸ್ ಸಂಖ್ಯೆ, ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ ಇರಬೇಕು. ಎರಡೂ ಇಲ್ಲದ ಬರೀ ಐಎಸ್‌ಐ ಚಿತ್ರಕ್ಕೆ ಬೆಲೆಯಿಲ್ಲ. ಹಾಗೆಂದು ಐಎಸ್‌ಐ ಇದ್ದರೆ ದೇಸಿ ಎಂದೂ ಅಲ್ಲ, ಹೊರದೇಶದ ಕಾರ್ಖಾನೆಗಳಿಗೂ ಲೈಸೆನ್ಸ್ ಸಿಗುತ್ತದೆ. ಈ ಗುರುತು ಕೊಡುವ ಭಾರತೀಯ ಮಾನಕ ಬ್ಯೂರೋದ 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಸಂಖ್ಯೆ ಹಾಕಿದರೆ ತಯಾರಕರ ಹೆಸರು, ವಿಳಾಸ ಬರುತ್ತದೆ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಪವರ್ ಬ್ಯಾಂಕ್‌ಗಳಿಗೆ 'ಆರ್-' ಎಂದು ಶುರುವಾಗುವ ಎಂಟಂಕಿಯ ಸಂಖ್ಯೆ. ಅದನ್ನೂ ಅಲ್ಲೇ ಹುಡುಕಬಹುದು. ಫೋನಿನ ಡಬ್ಬಿ ಇಂಡಿಯಾ ಎಂದರೂ ಒಳಗಿನ ಚಾರ್ಜರ್ ಬೇರೆ ದೇಶದ ಹೆಸರು ಹೇಳಬಹುದು. ಎರಡನ್ನೂ ಬೇರೆ ಬೇರೆಯಾಗಿ ಓದಿ.

ಚನ್ನಪಟ್ಟಣದ ಬೊಂಬೆಯ ಮೇಲೆ ಐಎಸ್‌ಐ ಕಾಣದಿದ್ದರೆ ಗಾಬರಿ ಬೇಡ. ನೋಂದಾಯಿತ ಕುಶಲಕರ್ಮಿಗಳ ಆಟಿಕೆಗೂ ಜಿಐ ಆಟಿಕೆಗೂ ವಿನಾಯಿತಿ ಇದೆ. ಅಸಲನ್ನು ಕಣ್ಣಳತೆಯಲ್ಲೇ ಹಿಡಿಯಬಹುದು. ಕಡಸಲು ಯಂತ್ರದಲ್ಲಿ ತಿರುಗುವ ಆಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿದಾಗ, ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಕೂರುತ್ತದೆ. ಆದ್ದರಿಂದ ಬಣ್ಣ ಸುತ್ತಲೂ ಬಳೆಯಂತೆ ಬರುತ್ತದೆ. ಕುಂಚದ ಗೆರೆ, ಸಂದಿಯಲ್ಲಿ ನಿಂತ ಬಣ್ಣದ ಹನಿ, ಚಪ್ಪಟೆ ಹಲಗೆಗೆ ಬಳಿದ ಬಣ್ಣ ಕಂಡರೆ ಅದು ಅರಗಿನ ಕೆಲಸವಲ್ಲ.

ತಿನ್ನುವ ಪದಾರ್ಥದ ಮೇಲಿರುವ, ಆಹಾರ ಸುರಕ್ಷತಾ ಪ್ರಾಧಿಕಾರದ ಎಫ್‌ಎಸ್‌ಎಸ್‌ಎಐ ಸಂಖ್ಯೆ 14 ಅಂಕಿಯದು. ಮೊದಲ ಅಂಕಿ 1 ಆದರೆ ಲೈಸೆನ್ಸ್, 2 ಆದರೆ ಸಣ್ಣವರ ನೋಂದಣಿ. ಮುಂದಿನ ಎರಡು ರಾಜ್ಯದ್ದು: 12 ಕರ್ನಾಟಕ, 00 ಕೇಂದ್ರದ ಲೈಸೆನ್ಸ್. ಆಮದುದಾರರಿಗೂ ಲೈಸೆನ್ಸ್ ಇರುವುದರಿಂದ ಇದೂ ಮೂಲದ ಪುರಾವೆಯಲ್ಲ. ಇನ್ನೊಂದು ನಿಯಮ ಬಹಳ ಜನಕ್ಕೆ ಗೊತ್ತಿಲ್ಲ: ಪದಾರ್ಥದ ಮೂಲ ಗುಣವೇ ಬದಲಾಗುವಂಥ ಸಂಸ್ಕರಣೆ ಎರಡನೇ ದೇಶದಲ್ಲಿ ನಡೆದರೆ, ಲೇಬಲ್ ಮಟ್ಟಿಗೆ ಆ ದೇಶವೇ ಮೂಲ ದೇಶ. ಅಡುಗೆ ಎಣ್ಣೆಯಲ್ಲಿ ನಮಗೆ ಬೇಕಾದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು: ತಾಳೆ ಎಣ್ಣೆ ಇಂಡೋನೇಷ್ಯಾ, ಮಲೇಷ್ಯಾದಿಂದ, ಸೂರ್ಯಕಾಂತಿ ಎಣ್ಣೆ ರಷ್ಯಾ, ಉಕ್ರೇನ್, ಅರ್ಜೆಂಟೀನಾದಿಂದ. ಕಚ್ಚಾ ಎಣ್ಣೆ ಇಲ್ಲಿ ರಿಫೈನ್ ಆಗುತ್ತದೆ, ಪ್ಯಾಕೆಟ್ಟಿನ ಮೇಲೆ ರಿಫೈನರಿಯ ವಿಳಾಸ ಬರುತ್ತದೆ. ದೇಸಿ ಕಾಳಿನ ಎಣ್ಣೆಯೇ ಬೇಕೆಂದರೆ ಕಡಲೆಕಾಯಿ ಎಣ್ಣೆಗೆ ಹೋಗುವುದು ವಾಸಿ, ಗಾಣದ್ದಾದರೆ ಇನ್ನೂ ಒಳ್ಳೆಯದು.

'ಮಂಡ್ಯ ಬೆಲ್ಲ' ಎಂದು ಮುಂದೆ ದೊಡ್ಡದಾಗಿ ಬರೆದು, ಹಿಂದೆ ಬೇರೆ ಊರಿನ 'ಪ್ಯಾಕ್ಡ್ ಬೈ' ಒಂದೇ ಇದ್ದರೆ ಆಲೆಮನೆ ಯಾವುದೆಂದು ತಿಳಿಯುವ ದಾರಿಯಿಲ್ಲ. ಸಕ್ಕರೆ ಬೆರೆಸಿ ಕಾಯಿಸುವ ಚಾಳಿಯೂ ಉಂಟು. ಬೆಲ್ಲ ತೀರಾ ತಿಳಿ ಹಳದಿಯಾಗಿದ್ದರೆ ಬಣ್ಣ ತಿಳಿಯಾಗಿಸುವ ರಾಸಾಯನಿಕ ಹೈಡ್ರೋಸ್ ಹಾಕಿದ್ದಾರೆಯೇ ಎಂದು ಕೇಳಿ.

ಆನ್‌ಲೈನ್ ಪುಟದಲ್ಲೂ ಮೂಲ ದೇಶ ತೋರಿಸಲೇಬೇಕು. ಆರ್ಡರ್ ಮಾಡುವಾಗ ಆ ಸಾಲಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಡಬ್ಬಿ ಬೇರೆ ಹೇಳಿದರೆ ಎರಡನ್ನೂ ಪಕ್ಕಪಕ್ಕ ಇಟ್ಟು ವಾಪಸ್ ಕೇಳಿ, ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಂಗಡಿಯ ಪೊಟ್ಟಣದ ದೂರು ಕಾನೂನು ಮಾಪನ ಶಾಸ್ತ್ರ ಇಲಾಖೆಗೆ. ಪೊಟ್ಟಣ ಬಿಸಾಡಬೇಡಿ, ಬಿಲ್ಲು ಬೇಕೇ ಬೇಕು.

ಸಂತೆಪೇಟೆಯಲ್ಲಿ ಬಿಡಿಯಾಗಿ ಅಳೆದು ಕೊಡುವ ತೊಗರಿಬೇಳೆಗೆ ಮಾತ್ರ ಲೇಬಲ್ಲೇ ಇಲ್ಲ. ಮೊಜಾಂಬಿಕ್, ಟಾಂಜಾನಿಯಾ, ಮ್ಯಾನ್ಮಾರ್‌ನ ತೊಗರಿ ಇಡೀ ಕಾಳಾಗಿ ಬಂದು ಇಲ್ಲಿನ ಮಿಲ್ಲಿನಲ್ಲಿ ಬೇಳೆಯಾದರೆ, ಮೂಟೆಯ ಮೇಲೆ ಇರುವುದು ಮಿಲ್ಲಿನ ಹೆಸರು. ಕಲಬುರಗಿ ತೊಗರಿಬೇಳೆಗೆ ಜಿಐ ಇದೆ. ಅದೇ ಬೇಕೆಂದರೆ ಬಿಡಿ ಬಿಟ್ಟು, ತಯಾರಕರ ವಿಳಾಸವಿರುವ ಪ್ಯಾಕೆಟ್ಟನ್ನೇ ತನ್ನಿ.