ಬುಕಿಂಗ್ ಯಾರ ಹೆಸರಲ್ಲಿ?

ಕಳೆದ ಶನಿವಾರ ಸಂಜೆ ನಮ್ಮ ಓನರ್ ಅಂಕಲ್ ತಮ್ಮ ಮನೆ ಗೇಟಿನ ಮುಂದೆ ತಮ್ಮದೇ ಕಾರು ನಿಲ್ಲಿಸಿದರು. ಡಿಕ್ಕಿಯಲ್ಲಿ ಅಕ್ಕಿ ಮೂಟೆ ಇತ್ತು. ಅದನ್ನು ಇಳಿಸೋ ಹೊತ್ತಿಗೆ ಎದುರು ಕೆಫೆಯ ಪಾರ್ಕಿಂಗ್ ಹುಡುಗ ಓಡಿ ಬಂದ.

"ಬುಕಿಂಗ್ ಯಾರ ಹೆಸರಿನ್ಯಾಗ ಐತ್ರಿ ಸರ?"

ಅಂಕಲ್ ಅವನನ್ನೇ ಸ್ವಲ್ಪ ಹೊತ್ತು ನೋಡಿದರು. "ಎಂಬತ್ನಾಲ್ಕನೇ ಇಸವಿಯಿಂದ ನನ್ನ ಹೆಸರಲ್ಲೇ ಇದೆ ಕಣಪ್ಪ" ಅಂದರು.

ಹುಡುಗನಿಗೆ ತಲೆಗೆ ಹೋಗಲಿಲ್ಲ. ಫೋನ್ ತೆಗೆದು ಪಟ್ಟಿ ನೋಡುತ್ತಾ, "ಹೆಸರು ಹೇಳ್ರಿ ಸರ, ನೋಡ್ತೀನಿ" ಅಂದ.

ಮೇಲೆ ಬಾಲ್ಕನಿಯಲ್ಲಿ ಬಟ್ಟೆ ತೆಗೆಯುತ್ತಿದ್ದ ನಾನು ನಗು ತಡೆಯೋಕಾಗದೆ ಒಳಗೆ ಓಡಿದೆ. ಆಮೇಲೆ ಇದನ್ನು ಆಫೀಸಲ್ಲಿ ಹೇಳಿದೆ, ಸಾಗರದಲ್ಲಿರುವ ಅಮ್ಮನಿಗೆ ಫೋನಲ್ಲಿ ಹೇಳಿದೆ. ಎಲ್ಲರೂ ನಕ್ಕರು. ಅಮ್ಮ ಮಾತ್ರ, "ಪಾಪ, ಆ ವಯಸ್ಸಲ್ಲಿ ಅಕ್ಕಿ ಮೂಟೆ ಅವರೇ ಯಾಕೆ ಹೊರಬೇಕಿತ್ತು?" ಅಂತ ಕೇಳಿದಳು. ಅಕ್ಕಿ ತರಿಸೋಕೆ ಫೋನಲ್ಲಿ ಒಂದು ಒತ್ತು ಸಾಕು ಅನ್ನೋದು ಅಂಕಲ್‌ಗೆ ಗೊತ್ತಿಲ್ಲ ಅಂತಲ್ಲ. ಹತ್ತು ರೂಪಾಯಿ ಡೆಲಿವರಿ ಚಾರ್ಜ್ ಉಳಿಸೋಕೆ ಮಾರತ್ತಹಳ್ಳಿ ತನಕ ಹೋಗಿಬರೋ ಮನುಷ್ಯ. ಬೆಳಿಗ್ಗೆ ನಾವು ನೀರಿನ ಮೋಟಾರ್ ಎಷ್ಟು ಹೊತ್ತು ಓಡಿಸಿದೆವು ಅನ್ನೋ ಲೆಕ್ಕವೂ ಅವರ ಹತ್ತಿರ ಇರುತ್ತೆ.

ನಾನಿರೋದು ಬೆಂಗಳೂರಿನ ಇಂದಿರಾನಗರದಲ್ಲಿ, ಹಂಡ್ರೆಡ್ ಫೀಟ್ ರೋಡಿನಿಂದ ಒಳಗೆ, ಟ್ವೆಲ್ತ್ ಮೇನ್ ಕಡೆಯ ಒಂದು ಕ್ರಾಸ್‌ನಲ್ಲಿ. 2021ರಲ್ಲಿ ರಾಹುಲ್ ದ್ರಾವಿಡ್ ಜಾಹೀರಾತೊಂದರಲ್ಲಿ ಕಾರಿನಿಂದ ಮೇಲೆದ್ದು 'ನಾನು ಇಂದಿರಾನಗರದ ಗೂಂಡಾ' ಅಂತ ಕೂಗಿದ ಮೇಲೆ ಊರಲ್ಲಿ ನನ್ನ ವಿಳಾಸಕ್ಕೊಂದು ತೂಕ ಬಂದಿದೆ. ಮದುವೆ ಮನೆಗಳಲ್ಲಿ ಚಿಕ್ಕಪ್ಪಂದಿರು "ಏನಮ್ಮಾ ಗೂಂಡಾ" ಅಂತಲೇ ಮಾತಾಡಿಸುತ್ತಾರೆ. ಸಂಬಳದ ಎಷ್ಟು ಪಾಲು ಬಾಡಿಗೆಗೆ ಹೋಗುತ್ತೆ ಅಂತ ಯಾರೂ ಕೇಳಲ್ಲ. ನಾನೂ ಹೇಳಲ್ಲ.

ಸುಮ್ನೆ ದೂರೋದಲ್ಲ, ಸುಖವೂ ಇದೆ. ಮೆಟ್ರೋ ಸ್ಟೇಷನ್‌ಗೆ ನಡೆದೇ ಹೋಗಬಹುದು. 2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರೋಡಿಗೆ ಬೆಂಗಳೂರಿನ ಮೊದಲ ಮೆಟ್ರೋ ಓಡಿದಾಗಲೇ ನಮಗೆ ಸ್ಟೇಷನ್ ಬಂತು. ಅದಕ್ಕೂ ಮುಂಚೆ ಸಿ.ಎಂ.ಎಚ್. ರಸ್ತೆಯ ಅಂಗಡಿಯವರು ಮೆಟ್ರೋ ಬೇಡವೇ ಬೇಡ ಅಂತ ಹೋರಾಡಿದ್ದರು. ಅಂಕಲ್ ಈಗಲೂ ಅವರ ಪಕ್ಷ, ಆದರೆ ಸೀನಿಯರ್ ಡಾಕ್ಟರ್ ಹತ್ತಿರ ಹೋಗೋಕೆ ಮೆಟ್ರೋನೇ ಹತ್ತುತ್ತಾರೆ. ಇನ್ನೊಂದು ಸುಖ ಅಂಕಲ್‌ಗೆ ಅರ್ಥ ಆಗಲ್ಲ. ಆಫೀಸ್ ಮುಗಿಸಿ ರಾತ್ರಿ ಹನ್ನೊಂದಕ್ಕೆ ಇಳಿದರೂ ಮನೆ ತನಕ ನಾನು ಒಬ್ಬಳೇ ಆರಾಮಾಗಿ ನಡೆದು ಬರುತ್ತೇನೆ. ದಾರಿ ತುಂಬ ಬೆಳಕು, ದಾರಿ ತುಂಬ ಜನ. ಹಿಂದೆ ಇದ್ದ ಏರಿಯಾದಲ್ಲಿ ಎಂಟಕ್ಕೇ ಬೀದಿ ಖಾಲಿಯಾಗುತ್ತಿತ್ತು. ಅಲ್ಲಿ ನಿದ್ದೆ ಚೆನ್ನಾಗಿ ಬರುತ್ತಿತ್ತು ನಿಜ, ಆದರೆ ಬಾಗಿಲು ತಲುಪೋವರೆಗೆ ಎದೆ ಢವಢವ.

ಇಲ್ಲಿ ಉಲ್ಟಾ. ಬಾಗಿಲ ತನಕ ಧೈರ್ಯ, ಬಾಗಿಲ ಒಳಗೆ ನಿದ್ದೆ ಇಲ್ಲ.

ಶುಕ್ರವಾರ, ಶನಿವಾರ ಬಂದರೆ ಹಾಡು ಕಿವಿಗೆ ಬೀಳೋದಲ್ಲ, ಎದೆಗೆ ಬೀಳುತ್ತೆ. ಕಿಟಕಿ ಗಾಜು ಸಣ್ಣಗೆ ನಡುಗುತ್ತೆ. ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರ ಮೇಲೆ 45 ಡೆಸಿಬಲ್ ದಾಟಬಾರದು ಅಂತ ನಿಯಮ ಇದೆ. ನನಗೆ ಇದು ಗೊತ್ತಾಗಿದ್ದೇ ಅಂಕಲ್ ಫೋನಲ್ಲಿರುವ ಮೀಟರ್‌ನಿಂದ. ರಾತ್ರಿ ಬನಿಯನ್‌ನಲ್ಲಿ ಗೇಟಿಗೆ ಬಂದು ಫೋನ್ ಎತ್ತಿ ಹಿಡಿದು ನಿಲ್ಲುತ್ತಾರೆ. ಪೊಲೀಸ್ ಗಾಡಿ ಬೀದಿಗೆ ತಿರುಗಿದರೆ ಸದ್ದು ಇಳಿಯುತ್ತೆ, ಹೋದರೆ ಏರುತ್ತೆ. ಇಲ್ಲಿನವರು ಪಬ್‌ಗಳ ಗಲಾಟೆ ಬಗ್ಗೆ ಹೈಕೋರ್ಟಿನವರೆಗೂ ಹೋದವರೇ.

ಮನೆಗಳ ಸಾಲಿನ ಮಧ್ಯೆ ಇಷ್ಟೊಂದು ಕೆಫೆ ಹೇಗೆ ಬಂದವು? ಅಂಕಲ್ ಪ್ರಕಾರ ಎಲ್ಲಾ ಲಂಚ. ಅಷ್ಟು ಸುಲಭ ಇಲ್ಲ. 2007ರಲ್ಲಿ ಒಪ್ಪಿಗೆಯಾದ ಮಾಸ್ಟರ್ ಪ್ಲಾನ್ ಅಗಲ ರಸ್ತೆಗಳ ಬದಿಯ ವಸತಿ ಜಾಗದಲ್ಲಿ ವ್ಯಾಪಾರಕ್ಕೆ ದಾರಿ ಮಾಡಿಕೊಟ್ಟಿತು. ಆ ಹೊತ್ತಿಗೆ ಇಲ್ಲಿನ ಮಕ್ಕಳು ಅಮೆರಿಕದಲ್ಲಿ ಸೆಟಲ್ ಆಗಿದ್ದರು. ದೊಡ್ಡ ಸೈಟು, ಇಬ್ಬರೇ ವಯಸ್ಸಾದವರು, ಮಂಡಿ ನೋವು. ಕೆಫೆಯವನು ಕೊಡೋ ಬಾಡಿಗೆ ಪಿಂಚಣಿಗಿಂತ ಎಷ್ಟೋ ಪಾಲು ಜಾಸ್ತಿ. ಯಾರು ಬೇಡ ಅಂತಾರೆ? ಎದುರು ಮನೆಯವರು ಅಂಕಲ್ ಜೊತೆ ಎಚ್‌ಎಎಲ್‌ನಲ್ಲಿ ಕೆಲಸ ಮಾಡಿದವರು. ಮನೆಯನ್ನು ಕೆಫೆಗೆ ಕೊಟ್ಟು ಮಗಳ ಹತ್ತಿರ ಹೋದರು. ಅವರ ಮಲಗೋ ಕೋಣೆಯಲ್ಲಿ ಈಗ 300 ರೂಪಾಯಿ ಕಾಫಿ ಕುಡಿಯುತ್ತಾರೆ. ಅಂಕಲ್‌ಗೆ ಆ ಕೆಫೆಯ ಮೇಲಿರುವ ಸಿಟ್ಟಿನಲ್ಲಿ ಅರ್ಧ ಆ ಸ್ನೇಹಿತರ ಮೇಲಿನದು ಅಂತ ನನ್ನ ಅನುಮಾನ.

ಕಾಫಿಗೆ ಬರವಿಲ್ಲ. ಕರಿಬೇವಿಗೆ ಬರ. ಹಿಟ್ಟಿನ ಗಿರಣಿ ಇಲ್ಲ, ಚಪ್ಪಲಿ ಹೊಲಿಯೋರು ಇಲ್ಲ. ಸ್ಟೇಷನರಿ ಅಂಗಡಿ ಇದ್ದ ಕಡೆ ಈಗ ಗಾಜಿನ ಪೆಟ್ಟಿಗೆಯಲ್ಲಿ ಒಂಟಿ ಶೂ ಇಟ್ಟು ಲೈಟ್ ಹಾಕಿದ್ದಾರೆ. ಸೊಪ್ಪು ಬೇಕಾದರೆ ನಾನು ದೂಪನಹಳ್ಳಿಗೆ ಹೋಗುತ್ತೇನೆ. ಟ್ವೆಲ್ತ್ ಮೇನ್‌ಗೆ ಕಾರಲ್ಲಿ ಬರುವ ಬಹಳ ಜನಕ್ಕೆ ಪಕ್ಕದಲ್ಲೇ ಒಂದು ಹಳ್ಳಿ ಇದೆ ಅಂತಲೇ ಗೊತ್ತಿರಲ್ಲ. ಸಣ್ಣ ಓಣಿ, ಅಂಟಿಕೊಂಡ ಮನೆಗಳು, ಬಾಗಿಲಲ್ಲೇ ಪಾತ್ರೆ ತೊಳೆಯೋ ಹೆಂಗಸರು. ಎರಡೂ ಕಡೆ ವಾಸನೆಯೇ ಬೇರೆ. ಇಲ್ಲಿ ಬೆಣ್ಣೆ, ಅಲ್ಲಿ ಒಗ್ಗರಣೆ.

ಈ ವಾರ ಅಲ್ಲಿಗೆ ಹೋದಾಗ ಸೊಪ್ಪಿನ ಅಜ್ಜಿಗೂ ಪಾರ್ಕಿಂಗ್ ಹುಡುಗನ ಕಥೆ ಹೇಳಿದೆ. ಅಜ್ಜಿ ನಗಲಿಲ್ಲ. ದಂಟಿನ ಕಟ್ಟು ಕೊಡುತ್ತಾ, "ಆವಾಗ ಅಲ್ಲೆಲ್ಲಾ ನಾವು ರಾಗಿ ಹಾಕ್ತಿದ್ವಿ ಕಣವ್ವ" ಅಂದರು, ಅಷ್ಟೇ. ಮುಂದಿನವರ ಸೊಪ್ಪಿಗೆ ಕೈ ಹಾಕಿದರು.

ನನಗೆ ಮನೆ ತನಕ ಅದೇ. ದೊಮ್ಮಲೂರು, ಬಿನ್ನಮಂಗಲ, ಕೋಡಿಹಳ್ಳಿ, ದೂಪನಹಳ್ಳಿ, ಇವೆಲ್ಲಾ ಇಲ್ಲಿ ಬಡಾವಣೆ ಅನ್ನೋದು ಹುಟ್ಟೋಕೆ ಮುಂಚಿನ ಊರುಗಳು. ಅಂಕಲ್ ಹಾಸನದ ಕಡೆಯವರು. "ನಾವು ಬಂದಾಗ ಇಲ್ಲಿ ಯಾರೂ ಇರಲಿಲ್ಲ, ರಾತ್ರಿ ನರಿ ಕೂಗ್ತಿದ್ವು" ಅಂತ ಹೆಮ್ಮೆಯಿಂದ ಹೇಳುತ್ತಾರೆ. ಯಾರೂ ಇರಲಿಲ್ಲವಾ? ಆ ಎಂಬತ್ನಾಲ್ಕರಲ್ಲಿ ಅಜ್ಜಿ ಸೈಟಿನ ಬಳಿ ಬಂದು, ಬುಕಿಂಗ್ ಯಾರ ಹೆಸರಲ್ಲಿದೆ ಸ್ವಾಮಿ ಅಂತ ಕೇಳಿದ್ದರೆ ಅಂಕಲ್ ಅಲಾಟ್‌ಮೆಂಟ್ ಪತ್ರ ತೋರಿಸುತ್ತಿದ್ದರು. ಈ ಹುಡುಗನ ಫೋನಲ್ಲಿರೋ ಪಟ್ಟಿಯೂ ಅಂಥದ್ದೇ. ಕಾಗದ ಯಾವತ್ತೂ ಆಮೇಲೆ ಬಂದವರ ಕೈಲೇ ಇರುತ್ತೆ, ಅಲ್ವಾ? ನನ್ನ ಕೈಲೂ ಇದೆ, 11 ತಿಂಗಳ ಅಗ್ರಿಮೆಂಟ್.

ಆ ಹುಡುಗನನ್ನೂ ಮಾತಾಡಿಸಿದೆ. ರಾಯಚೂರು ಕಡೆಯವನು, ಸೇರಿ ಇನ್ನೂ ವಾರ ಆಗಿಲ್ಲ. ಅಂಕಲ್ ಮನೆ ಹೊರಗೆ ಬಣ್ಣ ಕಂಡು ಅದೂ ಹೋಟೆಲ್ಲೇ ಅಂದುಕೊಂಡನಂತೆ. "ಇಷ್ಟು ದೊಡ್ಡ ಮನಿಯಾಗ ಬರೇ ಇಬ್ಬರು ಇರ್ತಾರಂತ ನನಗ ಹೆಂಗ ಗೊತ್ತಾಗಬೇಕ್ರಿ ಅಕ್ಕಾ?" ಅಂದ. ಅವನು ಇರೋ ರೂಮಿನಲ್ಲಿ ಎಂಟು ಜನ. ಅಂದಹಾಗೆ ಆ ಅಕ್ಕಿ ಮೂಟೆಯನ್ನು ಕೊನೆಗೆ ಒಳಗೆ ಇಟ್ಟುಕೊಟ್ಟವನೂ ಅವನೇ. ಕಥೆ ಹೇಳುವಾಗ ಅಂಕಲ್ ಆ ಭಾಗ ಬಿಟ್ಟು ಹೇಳುತ್ತಾರೆ.

ನನ್ನ ಕೇಳಿದರೆ ಆ ಮನೆಯಲ್ಲಿ ಬುದ್ಧಿ ಇರೋದು ಆಂಟಿಗೆ. ನಿನ್ನೆ ಮೆಟ್ಟಿಲಲ್ಲಿ ನಿಲ್ಲಿಸಿ ಗುಟ್ಟಾಗಿ ಹೇಳಿದರು. ಬಟ್ಟೆ ಅಂಗಡಿಯೊಂದು ಕೆಳಗಿನ ಮನೆಯನ್ನು ಕೇಳುತ್ತಿದೆ. ಅಂಕಲ್ ಆಗಲ್ಲ ಅಂದಿದ್ದಾರೆ. ಆಂಟಿ ಮಾತ್ರ ಲಿಫ್ಟ್ ಹಾಕಿಸಿಕೊಡೋದಾದರೆ ತಾವು ಮೇಲಿನ ಮನೆಗೆ ಬರಲು ರೆಡಿ.

"ಮೇಲಿನ ಮನೆ ಅಂದ್ರೆ ನಮ್ಮದಾ ಆಂಟಿ?"

"ನಿಮ್ಮದಲ್ಲಮ್ಮ, ಎದುರಿನದು. ಬಟ್ಟೆ ಅಂಗಡಿ ಅಲ್ವಾ, ರಾತ್ರಿ ಗಲಾಟೆ ಇರಲ್ಲ. ನಿಂಗೇನೂ ತೊಂದರೆ ಆಗಲ್ಲ ತಾನೇ?"

"ಬಾಡಿಗೆ ಜಾಸ್ತಿ ಮಾಡದಿದ್ರೆ ಏನೂ ತೊಂದರೆ ಇಲ್ಲ ಆಂಟಿ."

"ಅದನ್ನ ಅಗ್ರಿಮೆಂಟ್ ಹೊತ್ತಿಗೆ ಮಾತಾಡೋಣ ಬಿಡು" ಅಂದು ಬಾಗಿಲು ಹಾಕಿಕೊಂಡರು.