ತಂಗಿಗೆ 18 ತುಂಬಿತು
ಮೊನ್ನೆ ತಂಗಿಗೆ 18 ತುಂಬಿತು. ಮಡಿಕೇರಿಯಲ್ಲಿ ಜಡಿಮಳೆ, ಕರೆಂಟೂ ಇರಲಿಲ್ಲ, ಆದರೂ ಅವಳು ಮೊಬೈಲಿನಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸುವ ನಮೂನೆ 6 ತುಂಬುತ್ತಾ ಕೂತಿದ್ದಳು. ತುಂಬಾ ಖುಷಿಯಾಯಿತು. ಅಪ್ಪ ಹುಡುಗನಾಗಿದ್ದಾಗ ವೋಟು ಹಾಕಲು 21 ಆಗಬೇಕಿತ್ತು. ಸಂವಿಧಾನದ 61ನೇ ತಿದ್ದುಪಡಿಯಿಂದ 1989ರಲ್ಲಿ ಅದು 18ಕ್ಕೆ ಇಳಿಯಿತು.

ವೋಟಷ್ಟೇ ಅಲ್ಲ, ಈಗ ಅವಳ ಸಹಿಗೆ ಕಾನೂನಿನಲ್ಲಿ ಬೆಲೆ ಇದೆ. ಬ್ಯಾಂಕಿನ ಸಾಲಪತ್ರವಾಗಲಿ, ನಾಳೆ ಕಾಫಿ ತೋಟದ ಪಾಲುಪತ್ರವಾಗಲಿ, ಓದಿ ನೋಡಿ ಸಹಿ ಹಾಕುವುದು, ಬೇಡ ಎನ್ನುವುದು, ಎರಡೂ ಅವಳದ್ದೇ. ಇದನ್ನು ಮನೆಯಲ್ಲಿ ಯಾರೂ ಹೇಳುವುದೇ ಇಲ್ಲ ಅಲ್ವಾ? ಹುಡುಗಿಗೆ 18 ಅಂದರೆ ನೆಂಟರಿಗೆ ಮದುವೆಯದ್ದೇ ಮಾತು. ಅವಳು ನೇರವಾಗಿ ಕೇಳಿದಳು, "ಅಣ್ಣ, ಮದುವೆಗೆ ಹುಡುಗರಿಗೆ 21, ನಮಗೆ ಮಾತ್ರ 18 ಯಾಕೆ?"

ನನಗೂ ಅದು ಸರಿ ಅನ್ನಿಸುವುದಿಲ್ಲ. ಅವಳಿಗೆ ಹಾಗೆಯೇ ಹೇಳಿದೆ.